ಮಿದುಳು ಓದುವವರ ಬದುಕು: ನಾವು ನಂಬಿದ್ದೆಷ್ಟು, ನಿಜವೆಷ್ಟು?

ಬೆಂಗಳೂರಿನ ವಿಜಯನಗರದ ಯಾವ ಛತ್ರದಲ್ಲೇ ಆಗಲಿ, ಊಟದ ಪಂಕ್ತಿಯಲ್ಲಿ ಕೂತ ಪಿಎಚ್.ಡಿ. ಹುಡುಗಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಇನ್ನೂ ಓದೋದು ಮುಗೀಲಿಲ್ವೇನಮ್ಮ?" ಅವಳ ವಿಷಯ ನರವಿಜ್ಞಾನ ಎಂದು ಗೊತ್ತಾದರಂತೂ ಪಕ್ಕದೆಲೆಯಿಂದ ಇನ್ನೊಂದು: "ಹಂಗಾದ್ರೆ ನೀನು ಡಾಕ್ಟ್ರಾ? ನನಗೆ ಆಗಾಗ ಒಂದೇ ಕಡೆ ತಲೆನೋವು ಬರುತ್ತೆ ನೋಡು."

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಇಂಥ ಹುಡುಗ ಹುಡುಗಿಯರು ಹೊಸಬರಲ್ಲ. ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಕಡೆ ಹೋಗುವವರಿದ್ದಾರೆ. ಕೆಂಗೇರಿ, ಬಸವೇಶ್ವರನಗರಗಳಿಂದ ಊರು ದಾಟಿ ಹೊಸೂರು ರಸ್ತೆಯ ನಿಮ್ಹಾನ್ಸ್ ಸೇರುವವರಿದ್ದಾರೆ. ಜ್ಞಾನಭಾರತಿಯಲ್ಲಿ ಮನಃಶಾಸ್ತ್ರವನ್ನೋ ಪ್ರಾಣಿಶಾಸ್ತ್ರವನ್ನೋ ಓದಿ ಮಿದುಳಿನ ಕಡೆಗೆ ಹೊರಳಿದವರೂ ಇದ್ದಾರೆ. ಇವರಿಗೆ ನೆರವಾಗಲು ಯೋಜನೆಗಳಿವೆ, ನಿಯಮಗಳಿವೆ. ಆದರೆ ಮನೆಯಲ್ಲಿ, ಕಚೇರಿಯಲ್ಲಿ, ಕೆಲವೊಮ್ಮೆ ವಿಭಾಗದ ಒಳಗೇ ಬೇರೂರಿದ ತಪ್ಪು ಕಲ್ಪನೆಗಳಿಂದಾಗಿ ಆ ನೆರವು ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಕಲ್ಪನೆ 1: ಮಿದುಳಿನ ಸಂಶೋಧನೆ ಡಾಕ್ಟರುಗಳಿಗೆ ಮಾತ್ರ

ಸತ್ಯ: ಎಂಬಿಬಿಎಸ್ ಓದದವರೂ ಈ ಕ್ಷೇತ್ರದಲ್ಲಿ ತುಂಬ ಜನ ಇದ್ದಾರೆ. ಐಐಎಸ್‌ಸಿಯಲ್ಲಿ ನರವಿಜ್ಞಾನ ಕೇಂದ್ರ ಶುರುವಾದದ್ದು 2009ರಲ್ಲಿ, ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ನೇತೃತ್ವದಲ್ಲಿ. ಅಲ್ಲಿಗೆ ಜೀವವಿಜ್ಞಾನದವರಷ್ಟೇ ಅಲ್ಲ, ಎಂಜಿನಿಯರಿಂಗ್, ಭೌತವಿಜ್ಞಾನ ಓದಿದವರೂ ಬರುತ್ತಾರೆ. ನರಕೋಶದ ವಿದ್ಯುತ್ ಸಂಕೇತಗಳನ್ನು ಲೆಕ್ಕ ಹಾಕಲು ಗಣಿತ ಬೇಕು, ಇಲಿಯ ಕಲಿಕೆಯನ್ನು ಅಳೆಯಲು ಮನಃಶಾಸ್ತ್ರ ಬೇಕು, ಉಪಕರಣ ಕಟ್ಟಲು ಎಲೆಕ್ಟ್ರಾನಿಕ್ಸ್ ಬೇಕು. ಪಕ್ಕದೆಲೆಯವರ ತಲೆನೋವಿಗೆ ಮದ್ದು ಹೇಳುವುದು ಮಾತ್ರ ಇವರ ಕೆಲಸವಲ್ಲ.

ಕಲ್ಪನೆ 2: ಇವರಿನ್ನೂ ವಿದ್ಯಾರ್ಥಿಗಳು, ಸಿಗುವ ಹಣ ಸರ್ಕಾರದ ಧರ್ಮ

ಸತ್ಯ: ಲ್ಯಾಬಿನಲ್ಲಿ ಕೈಯಾರೆ ನಡೆಯುವ ಕೆಲಸದ ಬಹುಪಾಲು ಇವರದ್ದೇ. ನರಕೋಶದ ವಿದ್ಯುತ್ ಸಂಕೇತ ಅಳೆಯುವ ಪ್ಯಾಚ್ ಕ್ಲ್ಯಾಂಪ್ ಎಂಬ ಪ್ರಯೋಗವನ್ನೇ ನೋಡಿ. ಇಲಿಯ ಮಿದುಳನ್ನು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ತೆಳ್ಳಗೆ ಸೀಳಿ, ಆಮ್ಲಜನಕದ ಗುಳ್ಳೆ ಹಾಯಿಸುತ್ತಿರುವ ಉಪ್ಪುನೀರಿನಲ್ಲಿ ಇಡುತ್ತಾರೆ. ಆ ಚೂರು ಕೆಲವೇ ತಾಸು ಜೀವಂತವಾಗಿರುತ್ತದೆ. ಅಷ್ಟರೊಳಗೆ, ಸುಮಾರು ಒಂದು ಮೈಕ್ರಾನ್ ತುದಿಯ ಗಾಜಿನ ನಳಿಕೆಯನ್ನು ಸೂಕ್ಷ್ಮದರ್ಶಕದಡಿ ಒಂದೇ ಒಂದು ನರಕೋಶಕ್ಕೆ ಆನಿಸಿ, ಬಾಯಿಂದ ಮೆಲ್ಲನೆ ಗಾಳಿ ಎಳೆದು ಅಂಟಿಸಬೇಕು. ಮೇಜು ತುಸು ಅಲುಗಿದರೂ ಕೋಶ ಕೈತಪ್ಪುತ್ತದೆ. ಮಧ್ಯಾಹ್ನದ ಊಟ ಸಂಜೆ ಐದಕ್ಕೆ ಹೋಗುವುದು ಇದರಿಂದಲೇ.

ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಈ ತಂತ್ರದ ಮೊದಲ ಫಲಿತಾಂಶ ಪ್ರಕಟಿಸಿದ್ದು 1976ರಲ್ಲಿ. ಆಗ ಇಬ್ಬರಿಗೂ 35 ತುಂಬಿರಲಿಲ್ಲ. ಅದಕ್ಕೆ ನೊಬೆಲ್ ಬಂದದ್ದು 1991ರಲ್ಲಿ.

ಇನ್ನು ಹಣದ ಮಾತು. ಕೇಂದ್ರದ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) 2019ರಲ್ಲಿ ತಿಂಗಳಿಗೆ 25,000ದಿಂದ 31,000 ರೂಪಾಯಿಗೆ ಏರಿತು. ಆ ಏರಿಕೆಗೂ ಮುಂಚೆ ಸಂಶೋಧನಾರ್ಥಿಗಳು ದೇಶದುದ್ದಕ್ಕೂ ಬೀದಿಗಿಳಿದಿದ್ದರು. 2023ರ ಜನವರಿ 1ರಿಂದ ಅದು 37,000. ಮೊದಲ ಎರಡು ವರ್ಷ ಮುಗಿಸಿ ಸೀನಿಯರ್ ಆದರೆ 42,000. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ. ಎಂಜಿನಿಯರಿಂಗ್ ಮುಗಿಸಿ ಐಟಿ ಕಂಪನಿ ಸೇರಿದ ಜೊತೆಯವರ ಸಂಬಳದ ಪಕ್ಕ ಇಟ್ಟು ನೋಡಿದರೆ ಇದು ಧರ್ಮವೋ ದುಡಿಮೆಯ ಕೂಲಿಯೋ ಎಂಬುದು ತಾನೇ ತಿಳಿಯುತ್ತದೆ.

ಕಲ್ಪನೆ 3: ಜೆಆರ್‌ಎಫ್ ಪಾಸಾದರೆ ಸಾಕು, ದುಡ್ಡು ತಾನಾಗಿ ಬರುತ್ತದೆ

ಸತ್ಯ: ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ಖಾತೆಗೆ ಬರುತ್ತದೆ. ಆದರೆ ವಿಶ್ವವಿದ್ಯಾಲಯದ ಒಬ್ಬ ಸಿಬ್ಬಂದಿ ಪ್ರತಿ ತಿಂಗಳೂ ವಿದ್ಯಾರ್ಥಿಯ ವಿವರ ಏರಿಸಬೇಕು, ಇನ್ನೊಬ್ಬರು ಅದನ್ನು ಪರಿಶೀಲಿಸಿ ಒಪ್ಪಬೇಕು. ಆ ಇಬ್ಬರಲ್ಲಿ ಒಬ್ಬರು ರಜೆಯಲ್ಲಿದ್ದರೆ ಆ ತಿಂಗಳ ಹಣ ಮುಂದಕ್ಕೆ ಹೋಗುತ್ತದೆ. ಮನೆ ಮಾಲೀಕರಿಗೆ ಈ ಕಥೆ ಹೇಳಿದರೆ ಬಾಡಿಗೆ ನಿಲ್ಲುವುದಿಲ್ಲ. ವಿಭಾಗವೊಂದು ಏನೂ ಖರ್ಚಿಲ್ಲದೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ, ಈ ಕೆಲಸಕ್ಕೆ ಬದಲಿ ವ್ಯಕ್ತಿಯನ್ನು ಮೊದಲೇ ಗೊತ್ತುಮಾಡಿಡುವುದು.

ಜೊತೆಗೆ ಇನ್ನೊಂದು ಗೊಂದಲವಿದೆ. ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದರೂ ಫೆಲೋಶಿಪ್ ಸಿಗುತ್ತದೆ ಎಂದು ನಂಬಿದವರಿದ್ದಾರೆ. ಕೆ-ಸೆಟ್ ಕೊಡುವುದು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬೇಕಾದ ಅರ್ಹತೆಯನ್ನಷ್ಟೆ. ಯುಜಿಸಿ ಅಥವಾ ಸಿಎಸ್‌ಐಆರ್ ಫೆಲೋಶಿಪ್ ಬೇಕೆಂದರೆ ಅವುಗಳ ನೆಟ್‌ನಲ್ಲಿ ಜೆಆರ್‌ಎಫ್ ದರ್ಜೆಯೇ ಬರಬೇಕು.

ಕಲ್ಪನೆ 4: ಗೈಡ್ ಹೇಳಿದ್ದೇ ವೇದವಾಕ್ಯ

ಸತ್ಯ: ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಪ್ರತಿ ಸಂಶೋಧನಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು, ಸೆಮಿಸ್ಟರಿಗೊಮ್ಮೆ ಅದರ ಮುಂದೆ ಕೆಲಸದ ವರದಿ ಒಪ್ಪಿಸಬೇಕು. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಏಕಕಾಲಕ್ಕೆ ಎಂಟಕ್ಕಿಂತ ಹೆಚ್ಚು, ಸಹ ಪ್ರಾಧ್ಯಾಪಕರ ಬಳಿ ಆರಕ್ಕಿಂತ ಹೆಚ್ಚು, ಸಹಾಯಕ ಪ್ರಾಧ್ಯಾಪಕರ ಬಳಿ ನಾಲ್ಕಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಈ ಸಮಿತಿ ಸಹಿ ಹಾಕುವ ಶಾಸ್ತ್ರವಾಗಿ ಉಳಿಯದೆ ನಿಜಕ್ಕೂ ಕೂತು ಕೇಳಿದರೆ, ಎರಡು ವರ್ಷದಿಂದ ಕೈಕೊಡುತ್ತಿರುವ ಪ್ರಯೋಗವನ್ನು ಬಿಟ್ಟು ಬೇರೆ ದಾರಿ ಹಿಡಿ ಎಂದು ಹೇಳುವವರು ಸಿಗುತ್ತಾರೆ.

ಒಳ್ಳೆಯ ಗೈಡ್ ಹೇಗಿರುತ್ತಾರೆ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. ಕೆನ್ಯಾದಲ್ಲಿ ಹುಟ್ಟಿದ ಗೋವಾ ಮೂಲದ ವೆರೋನಿಕಾ ರೋಡ್ರಿಗಸ್ ಐರ್ಲೆಂಡಿನಲ್ಲಿ ಓದುತ್ತಿದ್ದಾಗಲೇ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ (ಟಿಐಎಫ್‌ಆರ್) ಒಬೈದ್ ಸಿದ್ದಿಕಿ ಅವರಿಗೆ ಪತ್ರ ಬರೆದು, ಅಲ್ಲಿಗೇ ಬಂದು ಸೇರಿದರು. ವಾಸನೆ, ರುಚಿ ಹಿಡಿಯಲಾಗದ ಹಣ್ಣುನೊಣಗಳ ಬಗ್ಗೆ 1978ರಲ್ಲಿ ಇಬ್ಬರೂ ಪ್ರಕಟಿಸಿದ ಪ್ರಬಂಧದಲ್ಲಿ ಮೊದಲ ಹೆಸರು ವಿದ್ಯಾರ್ಥಿನಿಯದು, ಎರಡನೆಯದು ಗುರುವಿನದು. ಸಿದ್ದಿಕಿ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್ ಕಟ್ಟಿದರು. ರೋಡ್ರಿಗಸ್ ಕೂಡ ಕೊನೆಗೆ ಅಲ್ಲಿಗೇ ಬಂದು, 2010ರಲ್ಲಿ ತೀರಿಕೊಳ್ಳುವವರೆಗೂ ತಮ್ಮದೇ ಲ್ಯಾಬ್ ನಡೆಸಿದರು.

ಕಲ್ಪನೆ 5: ಜಾಣರಾದರೆ ಮೂರೇ ವರ್ಷಕ್ಕೆ ಮುಗಿಸಬೇಕು

ಸತ್ಯ: ನಿಯಮದಲ್ಲಿ ಮೂರು ವರ್ಷ ಎಂಬುದು ಕನಿಷ್ಠ ಅವಧಿ. ಗರಿಷ್ಠ ಆರು ವರ್ಷ, ಮರುನೋಂದಣಿಯಾದರೆ ಮತ್ತೆ ಎರಡು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೂ ಎರಡು ವರ್ಷದ ರಿಯಾಯಿತಿ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ ಸಿಗುತ್ತದೆ. ಇದು ಹಕ್ಕು, ಯಾರೂ ದಾಕ್ಷಿಣ್ಯಕ್ಕೆ ಕೊಡುವುದಲ್ಲ. ಪ್ರಬಂಧ ಒಪ್ಪಿಸುವ ಮೊದಲು ಪೇಪರ್ ಪ್ರಕಟವಾಗಲೇಬೇಕೆಂಬ ಯುಜಿಸಿಯ ಷರತ್ತನ್ನೂ 2022ರ ನಿಯಮಾವಳಿಯಲ್ಲಿ ಕೈಬಿಡಲಾಗಿದೆ. ಸಂಸ್ಥೆಗಳು ತಮ್ಮದೇ ಷರತ್ತು ಇಟ್ಟುಕೊಳ್ಳುವುದುಂಟು.

ನರವಿಜ್ಞಾನದಲ್ಲಿ ತಡವಾಗಲು ಕಾರಣಗಳೂ ಇವೆ. ಇಲಿಯನ್ನು ಮುಟ್ಟುವ ಮುನ್ನ ಪ್ರಾಣಿ ನೀತಿ ಸಮಿತಿ, ರೋಗಿಯನ್ನು ಮಾತಾಡಿಸುವ ಮುನ್ನ ಮಾನವ ನೀತಿ ಸಮಿತಿ ಒಪ್ಪಬೇಕು. ಪ್ರಾಣಿಗೆ ಒಂದು ಕೆಲಸ ಕಲಿಸಲು ವಾರಗಳು, ತಿಂಗಳುಗಳು ಹಿಡಿಯುತ್ತವೆ.

ಕಲ್ಪನೆ 6: ಡಾಕ್ಟರೇಟ್ ಬಂತು, ಇನ್ನು ಕೆಲಸ ಕಟ್ಟಿಟ್ಟ ಬುತ್ತಿ

ಸತ್ಯ: ಅಸಲಿ ಕಷ್ಟ ಶುರುವಾಗುವುದೇ ಆಮೇಲೆ. ಪಿಎಚ್.ಡಿ.ಗೂ ಸ್ವಂತ ಲ್ಯಾಬಿಗೂ ನಡುವೆ ಪೋಸ್ಟ್‌ಡಾಕ್ ಎಂಬ ವರ್ಷಗಳ ಗುತ್ತಿಗೆ ಬದುಕು ಇದೆ. ಇಲ್ಲಿ ಅರ್ಜಿ ಹಾಕದೆ ಅವಕಾಶ ಕಳೆದುಕೊಳ್ಳುವವರೂ ಇದ್ದಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಇನ್‌ಸ್ಪೈರ್ ಫ್ಯಾಕಲ್ಟಿ ಯೋಜನೆ ಆಯ್ಕೆಯಾದವರಿಗೆ ಐದು ವರ್ಷ, ಸಂಬಳದ ಜೊತೆಗೆ ಸಂಶೋಧನಾ ವೆಚ್ಚವನ್ನೂ ಕೊಡುತ್ತದೆ. ಜೈವಿಕ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಇಂಡಿಯಾ ಅಲಯನ್ಸ್‌ನ ಆರಂಭಿಕ ಹಂತದ ಫೆಲೋಶಿಪ್‌ಗೆ ಕಾಯಂ ಹುದ್ದೆ ಇರಲೇಬೇಕೆಂದಿಲ್ಲ. ಮದುವೆ, ಮಕ್ಕಳೆಂದು ನಡುವೆ ಬಿಟ್ಟವರೂ ಸೇರಿದಂತೆ ಮಹಿಳಾ ವಿಜ್ಞಾನಿಗಳಿಗಾಗಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಬಯೋಕೇರ್ ಯೋಜನೆ ಮಾಡಿದೆ. ಮೊದಲ ಸಲ ಅರ್ಜಿ ಬರೆಯುವವರ ಕರಡನ್ನು, ಹಿಂದೆ ಅನುದಾನ ಪಡೆದ ಹಿರಿಯರೊಬ್ಬರು ಪೆನ್ಸಿಲ್ ಹಿಡಿದು ಒಂದು ಮಧ್ಯಾಹ್ನ ಓದಿಕೊಟ್ಟರೆ ತುಂಬ ವ್ಯತ್ಯಾಸವಾಗುತ್ತದೆ.

ಕಲ್ಪನೆ 7: ಮನಸ್ಸನ್ನೇ ಓದುವವರಿಗೆ ಮನಸ್ಸಿನ ಕಾಯಿಲೆ ಹೇಗೆ ಬಂದೀತು?

ಸತ್ಯ: ಹೃದ್ರೋಗ ತಜ್ಞರಿಗೂ ಹೃದಯಾಘಾತ ಆಗುತ್ತದೆ. 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದಕ್ಕೆ 26 ದೇಶಗಳ 2,279 ಜನ ಉತ್ತರಿಸಿದ್ದರು, ಹೆಚ್ಚಿನವರು ಪಿಎಚ್.ಡಿ. ವಿದ್ಯಾರ್ಥಿಗಳು. ಅವರಲ್ಲಿ ಶೇ. 41ರಷ್ಟು ಮಂದಿಗೆ ಮಧ್ಯಮದಿಂದ ತೀವ್ರ ಮಟ್ಟದ ಆತಂಕವಿತ್ತು, ಶೇ. 39ರಷ್ಟು ಮಂದಿಗೆ ಅದೇ ಮಟ್ಟದ ಖಿನ್ನತೆ. ತಾವಾಗಿ ಮುಂದೆ ಬಂದವರ ಉತ್ತರವಾದ್ದರಿಂದ ಇದನ್ನು ಎಲ್ಲರ ಲೆಕ್ಕವೆಂದು ತಿಳಿಯಬಾರದು. ಆದರೆ ಹಗುರವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಕೆಲಸಕ್ಕೂ ಉಳಿದ ಬದುಕಿಗೂ ನಡುವಿನ ಸಮತೋಲನ ತಪ್ಪುವುದು ಮತ್ತು ಗೈಡ್ ಜೊತೆಗಿನ ಸಂಬಂಧ ಕೆಡುವುದು ಆ ಸಮೀಕ್ಷೆಯಲ್ಲಿ ಎದ್ದುಕಂಡ ಎರಡು ಸಂಗತಿಗಳು. ಎರಡನ್ನೂ ವಿಭಾಗವೇ ಸರಿಮಾಡಬಹುದು: ರಾತ್ರಿ ಹನ್ನೊಂದಕ್ಕೆ ಲ್ಯಾಬಿನ ವಾಟ್ಸಾಪ್ ಗುಂಪಿನಲ್ಲಿ ಕೆಲಸ ಹಂಚದೆ, ಗೈಡ್ ಬಿಟ್ಟು ಬೇರೊಬ್ಬ ಹಿರಿಯರ ಬಳಿ ಮಾತಾಡಲು ಅವಕಾಶ ಕೊಟ್ಟು.

ಹೊರಗಿನ ನೆರವು ಬೇಕಾದವರಿಗೆ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ರಾಷ್ಟ್ರೀಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಆಪ್ತಸಮಾಲೋಚಕರು ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.