ಒಂದು ಮೀಟರ್ ಹೆಚ್ಚಾದರೆ ತಂತಿ ಎಷ್ಟು ಜೋಲುತ್ತದೆ?

ಎರಡು ವಿದ್ಯುತ್ ಟವರ್‌ಗಳು, ಎರಡೂ ಒಂದೇ ಎತ್ತರ. ನಡುವಿನ ಅಂತರ 300 ಮೀಟರ್. ಕಟ್ಟಿದ ತಂತಿಯ ಉದ್ದ 301 ಮೀಟರ್. ನಟ್ಟನಡುವೆ ತಂತಿ ಎಷ್ಟು ಕೆಳಗೆ ಜೋಲುತ್ತದೆ? ಒಂದಡಿ, ಹೆಚ್ಚೆಂದರೆ ಒಂದು ಮೀಟರ್ ಅನ್ನಿಸುವುದು ಸಹಜ. ಸರಿಯುತ್ತರ 10.6 ಮೀಟರ್, ಮೂರು ಅಂತಸ್ತಿನ ಮನೆಯಷ್ಟು ಎತ್ತರ.

ಕನಕಪುರ ಸೀಮೆಗೆ ಜೋಲುವ ತಂತಿ ಹೊಸದಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳನ್ನು ಮುಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಬೆನ್ನಿಗೆ ನಿಂತ, ಎಂಜಿನಿಯರ್ ಜೋಲಿ ದ ಲೋಟ್ಬಿನಿಯೇರ್ ರೂಪಿಸಿದ ಯೋಜನೆ ಅದು. ನಕ್ಷೆಯ ಮೇಲೆ ಶಿವನಸಮುದ್ರಕ್ಕೂ ಕೆಜಿಎಫ್‌ಗೂ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅಂದು ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರ ತಾಲ್ಲೂಕಿನ ಮೇಲೆಯೇ ಹಾಯುತ್ತದೆ.

ಎರಡು ತುದಿ ಕಟ್ಟಿ ಇಳಿಬಿಟ್ಟ ಸರಪಳಿಯ ಆಕಾರ ಹೆಚ್ಚೂಕಡಿಮೆ ಪ್ಯಾರಾಬೋಲ ಎಂದು ಗೆಲಿಲಿಯೊ 1638ರಲ್ಲಿ ಬರೆದ. ಹತ್ತಿರದ ಮಾತು, ಆದರೆ ಪೂರ್ತಿ ನಿಜವಲ್ಲ. ನಿಜವಾದ ವಕ್ರರೇಖೆ ಯಾವುದೆಂದು 1690ರಲ್ಲಿ ಯಾಕೊಬ್ ಬರ್ನೌಲಿ ಸವಾಲು ಹಾಕಿದ. ಮರುವರ್ಷವೇ ಲೈಬ್ನಿಟ್ಸ್, ಹೈಗನ್ಸ್, ಮತ್ತೆ ಯಾಕೊಬನ ತಮ್ಮ ಯೊಹಾನ್ ಉತ್ತರ ಕೊಟ್ಟರು. ಅದೇ ಕೆಟೆನರಿ. ಅದರ ಸೂತ್ರ ಚೊಕ್ಕವಾಗಿಯೇ ಇದೆ. ತೊಡಕು ಇರುವುದು ಅದನ್ನು ತಿರುವುಮುರುವು ಮಾಡುವಲ್ಲಿ.

ತಂತಿಯನ್ನು ಎಳೆದು ಹಿಡಿದ ಬಿಗಿತವನ್ನು ಒಂದು ಮೀಟರ್ ತಂತಿಯ ತೂಕದಿಂದ ಭಾಗಿಸಿದರೆ ಒಂದು ಉದ್ದ ಸಿಗುತ್ತದೆ. ಟವರ್‌ಗಳ ಅಂತರದ ಅರ್ಧವನ್ನು, ಅಂದರೆ 150 ಮೀಟರನ್ನು, ಆ ಉದ್ದದಿಂದ ಭಾಗಿಸಿ ಬಂದದ್ದನ್ನು ‘ಕ’ ಎನ್ನೋಣ. ನಮ್ಮ ಸಮೀಕರಣ ಹೀಗೆ ನಿಲ್ಲುತ್ತದೆ:

ಹೈಪರ್ಬೊಲಿಕ್ ಸೈನ್ (ಕ) ÷ ಕ = 301 ÷ 300

‘ಕ’ ಗೊತ್ತಿದ್ದರೆ ತಂತಿಯ ಉದ್ದವನ್ನು ಕ್ಯಾಲ್ಕ್ಯುಲೇಟರ್ ಕ್ಷಣದಲ್ಲಿ ಹೇಳುತ್ತದೆ. ಉದ್ದ ಗೊತ್ತಿದ್ದು ‘ಕ’ ಬೇಕೆಂದರೆ ಮಾತ್ರ ನೇರ ದಾರಿ ಇಲ್ಲ. ಒಂದು ‘ಕ’ ಫಲನದ ಒಳಗೆ ಸಿಕ್ಕಿಕೊಂಡಿದೆ, ಇನ್ನೊಂದು ಹೊರಗಿದೆ. ಕೂಡಿ, ಕಳೆದು, ವರ್ಗಮೂಲ ತೆಗೆದು, ಲಾಗರಿದಮ್ ಹಾಕಿ ಎಷ್ಟು ತಿಣುಕಿದರೂ ಎರಡನ್ನೂ ಒಂದೇ ಕಡೆಗೆ ತರಲಾಗದು. ಹಾಗೆಂದು ಉತ್ತರವೇ ಇಲ್ಲ ಎಂದಲ್ಲ. ಉತ್ತರ ಇದೆ, ಅದನ್ನು ಬರೆದು ತೋರಿಸುವ ಸೂತ್ರ ಇಲ್ಲ. ನಮ್ಮ ಶಾಲೆಯ ಗಣಿತ ಈ ವ್ಯತ್ಯಾಸವನ್ನು ಹೇಳಿಕೊಡದೆ ಮಕ್ಕಳನ್ನು ಕಾಲೇಜಿಗೆ ದಾಟಿಸಿಬಿಡುತ್ತದೆ.

ಹಾಗಾದರೆ ಗ್ರಾಫ್ ಎಳೆಯೋಣ. ಛೇದವನ್ನು ಆಚೆ ದಾಟಿಸಿ, ಹೈಪರ್ಬೊಲಿಕ್ ಸೈನ್‌ನ ವಕ್ರವನ್ನೂ 1.00333 ಗುಣಿಸು ‘ಕ’ ಎಂಬ ಸರಳರೇಖೆಯನ್ನೂ ಒಂದೇ ಹಾಳೆಯಲ್ಲಿ ಬರೆದರೆ, ಸೊನ್ನೆಯ ಬಳಿ ಎರಡೂ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಎಲ್ಲಿ ಕತ್ತರಿಸಿದವು ಎಂದು ಕಣ್ಣಿಗೆ ಕಾಣದು. ಸಾಲದ್ದಕ್ಕೆ ಸೊನ್ನೆಯಲ್ಲೇ ಒಂದು ಬೇಡದ ಉತ್ತರ ಹುಟ್ಟಿಕೊಳ್ಳುತ್ತದೆ. ಮೇಲೆ ಬರೆದಂತೆ ಭಾಗಾಕಾರದ ರೂಪವನ್ನೇ ಉಳಿಸಿಕೊಂಡು, ಲಂಬ ಅಕ್ಷವನ್ನು 1ರಿಂದ 1.01ರವರೆಗೆ ಹಿಗ್ಗಿಸಿದರೆ, ಬಟ್ಟಲಿನಂಥ ವಕ್ರವನ್ನು ಅಡ್ಡಗೆರೆ 0.14ರ ಆಸುಪಾಸಿನಲ್ಲಿ ಚೆನ್ನಾಗಿ ಕತ್ತರಿಸುತ್ತದೆ. ಸಮೀಕರಣ ಒಂದೇ. ಯಾವ ರೂಪದಲ್ಲಿ ಬರೆಯುತ್ತೀರಿ ಎನ್ನುವುದರಲ್ಲೇ ಅರ್ಧ ಕೆಲಸ ಇದೆ.

ಉಳಿದರ್ಧಕ್ಕೆ ನ್ಯೂಟನ್–ರಾಫ್ಸನ್ ವಿಧಾನ. ಒಂದು ಊಹೆ ಹಿಡಿದು, ಅಲ್ಲಿಂದ ವಕ್ರದ ಇಳಿಜಾರಿನ ಗುಂಟ ಜಾರಿ, ಮುಂದಿನ ಊಹೆಗೆ ಹೋಗುವುದು. 0.2ರಿಂದ ಹೊರಟರೆ 0.15, ಆಮೇಲೆ 0.1416, ಆಮೇಲೆ 0.14135. ಮೂರೇ ಹೆಜ್ಜೆ! ಮೊದಲು ಹೇಳಿದ 10.6 ಮೀಟರ್ ಜೋಲು ಸಿಗುವುದು ಈ ‘ಕ’ದಿಂದಲೇ. ಹೀಗೆ ಉತ್ತರವನ್ನೇ ಮತ್ತೆ ಲೆಕ್ಕಕ್ಕೆ ಹಾಕುವುದು ನಮ್ಮ ಜ್ಯೋತಿರ್ಗಣಿತಕ್ಕೂ ಹಳೆಯ ರೂಢಿ. ಗ್ರಹಗಣಿತದಲ್ಲಿ ಅದಕ್ಕೆ ‘ಅಸಕೃತ್ಕರ್ಮ’ ಎಂದೇ ಹೆಸರು.

ಬೇಸಿಗೆಗೆ ಬರೋಣ. ಅದೇ ಟವರ್‌ಗಳ ನಡುವೆ 300.5 ಮೀಟರ್ ತಂತಿ ಇದ್ದರೆ ಜೋಲು 7.5 ಮೀಟರ್. ಬಿಸಿಲು, ಅದರ ಮೇಲೆ ಪಂಪ್‌ಸೆಟ್‌ಗಳ ಲೋಡು ಸೇರಿ ಉಕ್ಕಿನ ಎಳೆಯುಳ್ಳ ಅಲ್ಯೂಮಿನಿಯಂ ತಂತಿ 30 ಡಿಗ್ರಿ ಹೆಚ್ಚು ಕಾದರೆ ಸುಮಾರು 17 ಸೆಂ.ಮೀ. ಹಿಗ್ಗುತ್ತದೆ. ಬಿಗಿತ ಸಡಿಲಿ ತಂತಿ ಒಂದಿಷ್ಟು ಕುಗ್ಗುವುದನ್ನು ಕಳೆದರೂ ನಡುಭಾಗ ಸುಮಾರು ಒಂದು ಮೀಟರ್ ಕೆಳಗಿಳಿಯುತ್ತದೆ. ರಾಗಿ ಹುಲ್ಲು ಹೇರಿಕೊಂಡ ಲಾರಿಗೂ, ಕಾವೇರಿ ವನ್ಯಧಾಮದ ಅಂಚಿನಲ್ಲಿ ಸೊಂಡಿಲೆತ್ತುವ ಆನೆಗೂ ಆ ಒಂದು ಮೀಟರ್ ಜೀವದ ಪ್ರಶ್ನೆ.

ಇಷ್ಟೆಲ್ಲ ಹೇಳಿ ಎಂಜಿನಿಯರುಗಳ ಪರವಾಗಿ ಒಂದು ಮಾತು. ಅವರು ಎಷ್ಟೋ ಕಡೆ ಗೆಲಿಲಿಯೊನ ಪ್ಯಾರಾಬೋಲದಿಂದ ಬಂದ ಸರಳ ಸೂತ್ರದಲ್ಲೇ ಲೆಕ್ಕ ಮುಗಿಸುತ್ತಾರೆ. ನಮ್ಮ 301 ಮೀಟರ್ ತಂತಿಗೆ ಅದು 10.61 ಮೀಟರ್ ಎನ್ನುತ್ತದೆ, ಕೆಟೆನರಿ 10.62 ಎನ್ನುತ್ತದೆ. ಒಂದು ಸೆಂ.ಮೀ.ಗಾಗಿ ಕಾದಾಡುವುದು ಬೇಡ. ತಂತಿ 330 ಮೀಟರ್ ಆಗಿದ್ದರೆ ವ್ಯತ್ಯಾಸ ಎರಡು ಮೀಟರ್. ಆಗ ಆ ಸರಳ ಸೂತ್ರವನ್ನು ನಂಬುವಂತಿಲ್ಲ.

ನಿಮ್ಮ ಹೊಲದ ಮೇಲಿನ ತಂತಿ ಕಳೆದ ವರ್ಷಕ್ಕಿಂತ ಕೆಳಗಿದೆ ಅನ್ನಿಸಿದರೆ ಕೋಲು ಹಿಡಿದು ಅಳೆಯಲು ಹೋಗಬೇಡಿ. ದೂರ ನಿಂತು 1912ಕ್ಕೆ ಫೋನ್ ಮಾಡಿ ಬೆಸ್ಕಾಂಗೆ ತಿಳಿಸಿ.