ಜಾಲತಾಣದ ಬಾಗಿಲಿಗೊಂದು ಭದ್ರವಾದ ಬೀಗ

ಬ್ಯಾಂಕಿನ ಕೌಂಟರಿಗೆ ಬಂದ ಚೆಕ್ಕಿನ ಮೇಲಿನ ರುಜುವನ್ನು ಮಾದರಿ ರುಜುವಿನೊಡನೆ ಹೋಲಿಸಿ ನೋಡುವುದು ಹಳೆಯ ಪದ್ಧತಿ. ರುಜು ಸರಿಹೊಂದಿದ ಮೇಲೆ, ಆ ಖಾತೆಯಿಂದ ಅಷ್ಟು ಹಣವನ್ನು ಕೊಡಬಹುದೇ ಎಂಬುದು ಬೇರೆಯೇ ಪ್ರಶ್ನೆ. ಜಾಲತಾಣದಲ್ಲಿಯೂ ಹೀಗೆ ಎರಡು ಪ್ರಶ್ನೆಗಳಿವೆ. ಬಂದವರು ಯಾರು ಎಂಬುದನ್ನು ನಿಶ್ಚಯಿಸುವುದು ದೃಢೀಕರಣ. ಅವರು ಏನನ್ನು ಮಾಡಬಹುದು ಎಂಬುದನ್ನು ನಿರ್ಣಯಿಸುವುದು ಅನುಮತಿ. ಮೊದಲನೆಯದು ಸಡಿಲವಾದರೆ ಎರಡನೆಯದಕ್ಕೆ ಅರ್ಥವೇ ಉಳಿಯದು.

ಸಂಘಸಂಸ್ಥೆಗಳ ಸದಸ್ಯರ ಪಟ್ಟಿಯು ಇಂದು ಕಪಾಟಿನಿಂದ ಜಾಲತಾಣಕ್ಕೆ ಏರುತ್ತಿದೆ. ಅದರಲ್ಲಿ ವಿಳಾಸ, ದೂರವಾಣಿ ಸಂಖ್ಯೆ, ರಕ್ತದ ಗುಂಪು, ಒಂಟಿಯಾಗಿರುವ ಹಿರಿಯರ ವಿವರಗಳು ಇರಬಹುದು. ಆಪತ್ಕಾಲದಲ್ಲಿ ನೆರವಾಗಬೇಕಾದ ಈ ಮಾಹಿತಿಯೇ ವಂಚಕರ ಕೈಸೇರಿದರೆ ಉಂಟಾಗುವ ಅನರ್ಥವನ್ನು ಮಹಾನಗರದ ನಿವಾಸಿಗಳಿಗೆ ವಿವರಿಸಬೇಕಾಗಿಲ್ಲ. ತಾಣವನ್ನು ಸಿದ್ಧಪಡಿಸುವವನು ಉತ್ಸಾಹಿ ತರುಣನೇ ಆಗಿದ್ದರೂ, ಅದರ ಬೀಗದ ರಚನೆಯನ್ನು ಪದಾಧಿಕಾರಿಗಳೂ ಅರಿತಿರುವುದು ಲೇಸು.

ಇಂತಹ ತಾಣಗಳನ್ನು ಕಟ್ಟಲು ಬಳಸುವ ಚೌಕಟ್ಟುಗಳಲ್ಲಿ ‘ಜಾಂಗೋ’ ಪ್ರಸಿದ್ಧವಾದುದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ನಗರದ ಪತ್ರಿಕಾ ಕಚೇರಿಯೊಂದರಲ್ಲಿ ರೂಪುಗೊಂಡು 2005ರಲ್ಲಿ ಸಾರ್ವಜನಿಕವಾದ ಇದು ಪೈಥಾನ್ ಭಾಷೆಯಲ್ಲಿದೆ. ಬಳಕೆದಾರರ ಹೆಸರು, ಗುಪ್ತಪದಗಳನ್ನು ಪರೀಕ್ಷಿಸುವ ಮೂಲ ಏರ್ಪಾಡು ಅದರಲ್ಲಿಯೇ ಉಂಟು. ಆದರೆ ಹೊಸಬರ ನೋಂದಣಿ, ಮಿಂಚಂಚೆ ವಿಳಾಸದ ಪರಿಶೀಲನೆ ಮುಂತಾದವುಗಳಿಗೆ ‘ಜಾಂಗೋ-ಆಲ್‌ಆತ್’ ಎಂಬ ಪೂರಕ ಪ್ಯಾಕೇಜನ್ನು ಅನೇಕರು ಆಶ್ರಯಿಸುತ್ತಾರೆ.

ಸ್ಥಾಪನೆ ಕಠಿಣವಲ್ಲ. ‘ಪಿಪ್ ಇನ್‌ಸ್ಟಾಲ್’ ಆಜ್ಞೆಯಿಂದ ಪ್ಯಾಕೇಜನ್ನು ತರಿಸಿದ ಬಳಿಕ, ಸೆಟ್ಟಿಂಗ್ಸ್ ಕಡತದಲ್ಲಿ ಮೂರು ನಮೂದುಗಳು ಅವಶ್ಯ. ಮೊದಲನೆಯದಾಗಿ, ಅಳವಡಿಸಿದ ಆ್ಯಪ್‌ಗಳ ಪಟ್ಟಿಗೆ ‘ಆಲ್‌ಆತ್’ ಮತ್ತು ಅದರ ‘ಅಕೌಂಟ್’ ಭಾಗಗಳನ್ನು ಸೇರಿಸಬೇಕು. ಎರಡನೆಯದಾಗಿ, ಮಿಡಲ್‌ವೇರ್ ಪಟ್ಟಿಗೆ ಅದರ ಅಕೌಂಟ್ ಮಿಡಲ್‌ವೇರನ್ನು ಸೇರಿಸಬೇಕು. ಮೂರನೆಯದಾಗಿ, ದೃಢೀಕರಣದ ಬ್ಯಾಕೆಂಡ್‌ಗಳಲ್ಲಿ ಜಾಂಗೋವಿನ ಮೂಲ ಬ್ಯಾಕೆಂಡನ್ನು ಉಳಿಸಿಕೊಂಡೇ ಹೊಸದನ್ನು ಕೂಡಿಸಬೇಕು. ಅನಂತರ ವಿಳಾಸಗಳ ಕಡತದಲ್ಲಿ ಪ್ಯಾಕೇಜಿನ ಪುಟಗಳಿಗೆ ದಾರಿಯನ್ನು ಕಲ್ಪಿಸಿ, ‘ಮೈಗ್ರೇಟ್’ ಆಜ್ಞೆಯಿಂದ ದತ್ತಕೋಶದಲ್ಲಿ ಕೋಷ್ಟಕಗಳನ್ನು ನಿರ್ಮಿಸಬೇಕು. ಬಳಕೆದಾರರ ದಾಖಲೆಗೆ ಸ್ವಂತದ ಸ್ವರೂಪ ಬೇಕೆಂದಿದ್ದರೆ ಅದನ್ನು ಮೊದಲ ಮೈಗ್ರೇಟ್‌ಗೆ ಮುಂಚೆಯೇ ಗೊತ್ತುಪಡಿಸತಕ್ಕದ್ದು. ಲೆಡ್ಜರು ತುಂಬಿದ ಮೇಲೆ ಅಂಕಣಗಳನ್ನು ಬದಲಿಸುವುದು ಎಷ್ಟು ತ್ರಾಸವೋ ಇದೂ ಅಷ್ಟೇ.

ಇಷ್ಟರಿಂದ ಬಾಗಿಲು ತೆರೆಯುತ್ತದೆ, ಭದ್ರತೆ ಪೂರ್ಣವಾಗುವುದಿಲ್ಲ. ಮಿಂಚಂಚೆಯ ಪರಿಶೀಲನೆ ಈ ಪ್ಯಾಕೇಜಿನಲ್ಲಿ ಮೂಲತಃ ಐಚ್ಛಿಕವಾಗಿದೆ. ಅದನ್ನು ‘ಮ್ಯಾಂಡೇಟರಿ’, ಅಂದರೆ ಕಡ್ಡಾಯ, ಎಂದು ಬದಲಿಸಿದರೆ ವಿಳಾಸವು ತಮ್ಮದೇ ಎಂದು ತೋರಿಸಿಕೊಟ್ಟವರಿಗೆ ಮಾತ್ರ ಪ್ರವೇಶ ದೊರೆಯುತ್ತದೆ. ಇದಕ್ಕೆ ಅಂಚೆ ಕಳುಹಿಸುವ ಸರ್ವರಿನ ವಿವರಗಳನ್ನು ಸರಿಯಾಗಿ ತುಂಬಿರಬೇಕು. ಇಲ್ಲವಾದರೆ ನೋಂದಣಿಯೇ ನಿಂತುಹೋಗುವುದು. ಆದರೆ ವಿಳಾಸ ನಿಜವಾದುದೆಂಬ ಮಾತ್ರಕ್ಕೆ ವ್ಯಕ್ತಿಯು ಸದಸ್ಯನೆಂದು ಸಿದ್ಧವಾಗದು. ಆ ಮಂಜೂರಾತಿಯನ್ನು ಪದಾಧಿಕಾರಿಗಳೇ ಕೊಡುವಂತೆ ಪ್ರತ್ಯೇಕ ವ್ಯವಸ್ಥೆ ಅಗತ್ಯ.

ಗುಪ್ತಪದವನ್ನು ಜಾಂಗೋ ಇದ್ದಂತೆಯೇ ಬರೆದಿಡುವುದಿಲ್ಲ. ಪ್ರತಿಯೊಂದಕ್ಕೂ ‘ಸಾಲ್ಟ್’ ಎಂಬ ಬೇರೆಬೇರೆ ಯಾದೃಚ್ಛಿಕ ಅಕ್ಷರಗಳನ್ನು ಬೆರೆಸಿ, ಗಣಿತದ ಗಿರಣಿಯಲ್ಲಿ ಲಕ್ಷಾಂತರ ಸಲ ಅರೆದು, ಬಂದ ಹಿಟ್ಟನ್ನಷ್ಟೇ ಕಾದಿರಿಸುತ್ತದೆ. ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಈ ಉಪ್ಪು ಬೆರೆಸುವ ಕ್ರಮವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿಯೇ ಯೂನಿಕ್ಸ್ ವ್ಯವಸ್ಥೆಯ ಸಂಬಂಧವಾಗಿ ವಿವರಿಸಿದ್ದರು. ಆದಕಾರಣ ಯಾವುದೇ ತಾಣವು “ನಿಮ್ಮ ಹಳೆಯ ಗುಪ್ತಪದ ಇದು” ಎಂದು ಅಂಚೆಯಲ್ಲಿ ಕಳುಹಿಸಿದರೆ, ಅದನ್ನು ಅಪಾಯದ ಸೂಚನೆಯೆಂದೇ ತಿಳಿಯಬೇಕು. ಸರಿಯಾದ ತಾಣವು ಹೊಸದನ್ನು ಇಟ್ಟುಕೊಳ್ಳಲು ಕೊಂಡಿಯನ್ನು ಮಾತ್ರ ಕಳುಹಿಸುತ್ತದೆ. ಜಾಂಗೋವಿನಲ್ಲಿ ಆ ಕೊಂಡಿಯ ಆಯುಷ್ಯ, ಬದಲಿಸದಿದ್ದರೆ, 3 ದಿನ.

ತಾಣವನ್ನು ಲೋಕಾರ್ಪಣೆ ಮಾಡುವ ಮುನ್ನ ಪದಾಧಿಕಾರಿಗಳು ಕೇಳಬೇಕಾದ ಪ್ರಶ್ನೆಗಳು ಕೆಲವೇ. ದೋಷ ತೋರಿಸುವ ‘ಡೀಬಗ್’ ಸ್ಥಿತಿಯನ್ನು ನಿಲ್ಲಿಸಲಾಗಿದೆಯೇ? ‘ಸೀಕ್ರೆಟ್ ಕೀ’ ಎಂಬ ರಹಸ್ಯ ಕೀಲಿಯನ್ನು ಇತರರ ಕಣ್ಣಿಗೆ ಬೀಳುವ ಕಡತದಿಂದ ಹೊರಗಿರಿಸಲಾಗಿದೆಯೇ? ಸಂಪರ್ಕವೆಲ್ಲವೂ ಎಚ್‌ಟಿಟಿಪಿಎಸ್ ಮೂಲಕವೇ ನಡೆಯುತ್ತದೆಯೇ? ಮೇಲ್ವಿಚಾರಕರ ಖಾತೆಗಳು ಯಾರ ಯಾರ ಬಳಿ ಇವೆ? ಈ ಕೊನೆಯ ಪ್ರಶ್ನೆಯೇ ಹಲವೆಡೆ ಮರೆತುಹೋಗುತ್ತದೆ. ಕಾರ್ಯಕಾರಿ ಸಮಿತಿ ಬದಲಾದಾಗ ಲೆಕ್ಕಪತ್ರ, ಕಪಾಟಿನ ಬೀಗದಕೈಗಳನ್ನು ಒಪ್ಪಿಸುವ ಹಾಗೆಯೇ ಈ ಅಧಿಕಾರವನ್ನೂ ವಿಧಿವತ್ತಾಗಿ ಒಪ್ಪಿಸಿ, ಹಿಂದಿನವರ ಖಾತೆಯ ವಿಶೇಷಾಧಿಕಾರವನ್ನು ಅಂದೇ ತೆಗೆದುಹಾಕಬೇಕು. ಇದರಲ್ಲಿ ಯಾರ ಮೇಲೂ ಅಪನಂಬಿಕೆಯಿಲ್ಲ. ಸದಸ್ಯರು ನಂಬಿ ಕೊಟ್ಟ ವಿವರಗಳು ಅವರ ಠೇವಣಿ; ಠೇವಣಿಯನ್ನು ಕಾಯುವುದು ಅದನ್ನು ಪಡೆದವರ ಕರ್ತವ್ಯ.