ಚಪ್ಪಲಿ ಹೊರಗೆ, ಪ್ರಶ್ನೆಯೂ ಹೊರಗೆ

1999ರಲ್ಲಿ ನಾನು ಕೆಲಸ ಮಾಡುತ್ತಿದ್ದ ಪದವಿ ಕಾಲೇಜಿಗೆ ಕಂಪ್ಯೂಟರ್‌ಗಳು ಬಂದವು. ಅವುಗಳಿಗೆಂದು ಮೀಸಲಿಟ್ಟ ಕೊಠಡಿ ಇಡೀ ಕಟ್ಟಡದಲ್ಲಿಯೇ ಅತ್ಯಂತ ಅಚ್ಚುಕಟ್ಟಾದ ಕೊಠಡಿಯಾಯಿತು. ಪ್ರಾಂಶುಪಾಲರಿಗೂ ಇಲ್ಲದ ಹವಾನಿಯಂತ್ರಣ ಯಂತ್ರ ಅಲ್ಲಿತ್ತು. ಕಿಟಕಿಗಳಿಗೆ ನೀಲಿ ಪರದೆ, ಬಾಗಿಲಿಗೆ ಎರಡು ಬೀಗ. ಆಯುಧಪೂಜೆಯ ದಿನ ಇಪ್ಪತ್ತೂ ಮಾನಿಟರುಗಳಿಗೆ ಕುಂಕುಮ ಹಚ್ಚಿ, ಯುಪಿಎಸ್ ಮುಂದೆ ಬೂದುಗುಂಬಳ ಒಡೆದೆವು. ಮಲೆನಾಡಿನ ಅಂಚಿನ ಆ ತಾಲ್ಲೂಕು ಕೇಂದ್ರದಲ್ಲಿ ಅದೊಂದು ಸಂಭ್ರಮವೇ ಆಗಿತ್ತು. ಗಣಿತದ ಉಪನ್ಯಾಸಕನಾಗಿದ್ದ ನನ್ನನ್ನು, ಮೂರು ವಾರಗಳ ತರಬೇತಿ ಮುಗಿಸಿ ಬಂದಿದ್ದೇನೆ ಎಂಬ ಒಂದೇ ಅರ್ಹತೆಯ ಮೇಲೆ, ಪ್ರಯೋಗಾಲಯದ ಉಸ್ತುವಾರಿಯನ್ನಾಗಿ ಮಾಡಲಾಯಿತು.

ನಾನು ಮಾಡಿದ ಮೊದಲ ಕೆಲಸವೆಂದರೆ ನಿಯಮಗಳನ್ನು ಬರೆದದ್ದು. ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿ, ಪೇಂಟರ್‌ನನ್ನು ಕರೆಸಿ ಹಲಗೆಯ ಮೇಲೆ ಬರೆಸಿದೆ. ಚಪ್ಪಲಿಗಳನ್ನು ಹೊರಗೆ ಬಿಡತಕ್ಕದ್ದು. ಫ್ಲಾಪಿ ತರಕೂಡದು. ಒಂದು ಯಂತ್ರಕ್ಕೆ ಇಬ್ಬರಂತೆ ಕುಳಿತುಕೊಳ್ಳತಕ್ಕದ್ದು. ಪುಸ್ತಕದಲ್ಲಿ ಸಮಯ ನಮೂದಿಸಿ ಸಹಿ ಮಾಡತಕ್ಕದ್ದು. ಉಪನ್ಯಾಸಕರ ಅನುಪಸ್ಥಿತಿಯಲ್ಲಿ ಯಂತ್ರಗಳನ್ನು ಮುಟ್ಟಕೂಡದು. ಕಡೆಯದಾಗಿ, ಪರಸ್ಪರ ಮಾತನಾಡಕೂಡದು. ಈಗ ನೆನಪಿಸಿಕೊಂಡರೆ, ಕಲಿಯಲು ಬಂದವನು ಏನು ಮಾಡಬಹುದು ಎಂಬುದನ್ನು ಹೇಳುವ ಒಂದು ಸಾಲೂ ಆ ಹಲಗೆಯ ಮೇಲೆ ಇರಲಿಲ್ಲ.

ನಿಯಮಗಳಿಗೆ ಕಾರಣಗಳೇ ಇರಲಿಲ್ಲವೆಂದಲ್ಲ. ಒಂದು ಯಂತ್ರದ ಬೆಲೆ ಆಗ ನನ್ನ ಹಲವು ತಿಂಗಳ ಸಂಬಳಕ್ಕೆ ಸಮನಾಗಿತ್ತು. ದೂಳು ಯಂತ್ರದ ಒಳಗಿನ ಫ್ಯಾನಿಗೂ ಫ್ಲಾಪಿ ಡ್ರೈವಿಗೂ ನಿಜಕ್ಕೂ ಶತ್ರುವಾಗಿತ್ತು. ಫ್ಲಾಪಿಯ ವಿಷಯವಂತೂ ಇನ್ನೂ ಸ್ಪಷ್ಟ. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೈನ್’ ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ಹರಡುತ್ತಾ ದೇಶದೇಶಗಳನ್ನು ಸುತ್ತಿತ್ತು. ಅದರ ಸಂತತಿ ನಮ್ಮ ಊರಿನ ಡಿ.ಟಿ.ಪಿ. ಅಂಗಡಿಯವರೆಗೂ ಬಂದು ತಲುಪಿತ್ತು. ಆದರೆ ಈ ಕಾರಣಗಳಲ್ಲಿ ಒಂದನ್ನೂ ನಾನು ವಿದ್ಯಾರ್ಥಿಗಳಿಗೆ ವಿವರಿಸಲಿಲ್ಲ. ವೈರಸ್ ಎಂದರೇನು ಎಂಬ ಅರ್ಧ ಗಂಟೆಯ ಪಾಠವೇ ಆಗಬಹುದಾಗಿದ್ದ ವಿಷಯ ‘ತರಕೂಡದು’ ಎಂಬ ಒಂದು ಪದದಲ್ಲಿ ಮುಗಿದುಹೋಯಿತು. ದೇವಸ್ಥಾನದ ಗರ್ಭಗುಡಿಗೆ ಏಕೆ ಹೋಗಬಾರದು ಎಂದು ಯಾರೂ ಕೇಳದಿರುವಂತೆ, ಇಲ್ಲಿಯೂ ಯಾರೂ ಕೇಳಲಿಲ್ಲ.

ಒಂದು ಯಂತ್ರಕ್ಕೆ ಇಬ್ಬರು ಎಂಬ ನಿಯಮ ಮೇಲ್ನೋಟಕ್ಕೆ ನ್ಯಾಯವಾದದ್ದು. ಯಂತ್ರಗಳು ಇಪ್ಪತ್ತು, ತಂಡದಲ್ಲಿ ವಿದ್ಯಾರ್ಥಿಗಳು ನಲವತ್ತು, ಲೆಕ್ಕ ಸರಿಹೋಗುತ್ತದೆ. ವಾಸ್ತವದಲ್ಲಿ ಆಗುತ್ತಿದ್ದುದೇ ಬೇರೆ. ಇಬ್ಬರಲ್ಲಿ ಯಾರು ಮೊದಲು ಕೀಲಿಮಣೆಯ ಮೇಲೆ ಕೈಯಿಡುತ್ತಾರೋ ಅವರೇ ವರ್ಷವಿಡೀ ಟೈಪು ಮಾಡುತ್ತಿದ್ದರು. ಸಾಮಾನ್ಯವಾಗಿ ಆ ಕೈ ಪೇಟೆಯ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಹುಡುಗನದ್ದಾಗಿರುತ್ತಿತ್ತು. ಪಕ್ಕದಲ್ಲಿ ಕುಳಿತವರು ನೋಡುತ್ತಿದ್ದರು, ರೆಕಾರ್ಡ್ ಪುಸ್ತಕದಲ್ಲಿ ದುಂಡಗೆ ಬರೆದುಕೊಳ್ಳುತ್ತಿದ್ದರು. ನಾನು ರೆಕಾರ್ಡಿಗೆ ಸಹಿ ಹಾಕುತ್ತಿದ್ದೆ.

ಯಂತ್ರವಾದರೂ ಎಂತಹ ಭಾಷೆಯಲ್ಲಿ ಮಾತನಾಡುತ್ತಿತ್ತು! ಡಾಸ್ ಪರದೆಯ ಮೇಲೆ ಒಂದು ಅಕ್ಷರ ತಪ್ಪಿದರೆ ‘ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್’ ಎಂದು ಬರುತ್ತಿತ್ತು. ತಾನೇನೋ ಕೆಟ್ಟದ್ದನ್ನು ಮಾಡಿದೆನೆಂದು ಕೈ ಹಿಂದೆಗೆದುಕೊಂಡವರನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿತ್ತು. ಫ್ಲಾಪಿ ಇಲ್ಲದ ಡ್ರೈವನ್ನು ಆಕಸ್ಮಿಕವಾಗಿ ಕರೆದರೆ ‘ಅಬಾರ್ಟ್, ರಿಟ್ರೈ, ಫೇಲ್?’ ಎಂದು ಯಂತ್ರ ಕೇಳುತ್ತಿತ್ತು. ಫೇಲ್ ಎಂಬ ಮಾತನ್ನು ಕಾಲೇಜಿನ ವಿದ್ಯಾರ್ಥಿಯ ಎದುರು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಇಡುವ ಯಂತ್ರವನ್ನು ಧೈರ್ಯವಾಗಿ ಮುಟ್ಟುವವರು ಯಾರು?

ಮುಟ್ಟಬಹುದೆಂದು ಹೇಳುತ್ತಿದ್ದವರು ಒಬ್ಬರೇ, ನಮ್ಮ ಲ್ಯಾಬ್ ಅಟೆಂಡರ್. ಪಿಯುಸಿ ಓದಿದ್ದ, ವರ್ಷಕ್ಕೊಮ್ಮೆ ಆದೇಶ ನವೀಕರಿಸಬೇಕಾದ ತಾತ್ಕಾಲಿಕ ನೌಕರ. ಯಂತ್ರ ಸರಿಪಡಿಸಲು ಬರುತ್ತಿದ್ದ ಎಂಜಿನಿಯರನ ಹಿಂದೆ ನಿಂತು ನೋಡಿ ನೋಡಿಯೇ ಆತ ಎಲ್ಲವನ್ನೂ ಕಲಿತಿದ್ದರು. ವಿದ್ಯಾರ್ಥಿಗಳು ನನ್ನನ್ನು ‘ಸಾರ್’ ಎನ್ನುತ್ತಿದ್ದರು, ಅವರನ್ನು ‘ಅಣ್ಣಾ’ ಎನ್ನುತ್ತಿದ್ದರು. ಸಂದೇಹಗಳೆಲ್ಲ ಅಣ್ಣನ ಬಳಿಗೇ ಹೋಗುತ್ತಿದ್ದವು. ‘ಏನೂ ಆಗಲ್ಲ ಕಣಮ್ಮ, ಒತ್ತು. ಕೆಟ್ಟೋದ್ರೆ ನಾನಿದ್ದೀನಿ’ ಎಂದು ಅವರು ಹೇಳುವುದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಮೂರು ವಾರಗಳ ನನ್ನ ತರಬೇತಿಯಲ್ಲಿ ಈ ವಾಕ್ಯವನ್ನು ಯಾರೂ ಕಲಿಸಿರಲಿಲ್ಲ.

2001ರ ಆರಂಭದಲ್ಲಿ ಒಂದು ದಿನ ಸಹಿ ಪುಸ್ತಕವನ್ನು ತಿರುವಿಹಾಕುತ್ತಿದ್ದಾಗ ಒಂದು ಹೆಸರು ಬೆಳಿಗ್ಗೆ 8.10ಕ್ಕೆ, 8.15ಕ್ಕೆ ಮತ್ತೆ ಮತ್ತೆ ಕಾಣಿಸಿತು. ಕಾಲೇಜು ಆರಂಭವಾಗುತ್ತಿದ್ದುದು ಹತ್ತಕ್ಕೆ. ಅಂತಿಮ ಬಿ.ಎಸ್‌ಸಿ.ಯ ಒಬ್ಬ ಹುಡುಗಿ. ಹದಿನೆಂಟು ಕಿಲೋಮೀಟರು ದೂರದ ಹಳ್ಳಿಯಿಂದ ಬರುವವಳು. ಅಟೆಂಡರನ್ನು ಕರೆದು ಕೇಳಿದೆ. ‘ಅವರೂರಿಗೆ ಬೆಳಿಗ್ಗೆ ಒಂದೇ ಬಸ್ಸು ಸಾರ್. ಎಂಟ್ ಗಂಟೆಗೇ ಇಳಿದು ಕಾರಿಡಾರಲ್ಲಿ ಕೂತಿರ್ತಾಳೆ. ಹೆಂಗಿದ್ರೂ ನಾನು ಕಸ ಗುಡಿಸೋಕೆ ಬಾಗಿಲು ತೆಗೆದಿರ್ತೀನಿ. ಪ್ರಾಕ್ಟಿಕಲ್ಲಲ್ಲಿ ಆ ಹುಡುಗ ಕೀಬೋರ್ಡೇ ಕೊಡಲ್ವಂತೆ’ ಎಂದರು. ಕದ್ದುಮುಚ್ಚಿ ಮಾಡಿದ್ದಲ್ಲ; ಪುಸ್ತಕದಲ್ಲಿ ಸಹಿ ಮಾಡಿಸಿಯೇ ಒಳಗೆ ಬಿಟ್ಟಿದ್ದರು. ನಾನು ಬರೆದ ಎರಡು ನಿಯಮಗಳನ್ನು ಮೀರಿದ್ದ ಆ ಮನುಷ್ಯ ಮೂರನೆಯದನ್ನು ನಿಷ್ಠೆಯಿಂದ ಪಾಲಿಸಿದ್ದರು. ಆ ನಿಷ್ಠೆಯಿಂದಲೇ ಸಿಕ್ಕಿಬಿದ್ದರು.

ನಾನು ಅವರಿಗೆ ಮೆಮೋ ಕೊಟ್ಟೆ. ಯಂತ್ರವೇನಾದರೂ ಕೆಟ್ಟರೆ ಹೊಣೆ ಯಾರು ಎಂಬುದು ನನ್ನ ಪ್ರಶ್ನೆಯಾಗಿತ್ತು. ಮೆಮೋ ಎಂದರೆ ತಾತ್ಕಾಲಿಕ ನೌಕರನಿಗೆ ಏನೆಂದು ನನಗೆ ತಿಳಿಯದೇ ಇರಲಿಲ್ಲ. ಮರುದಿನದಿಂದ 8.10ರ ಸಹಿ ನಿಂತಿತು.

ಆ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನೇ ಆಂತರಿಕ ಪರೀಕ್ಷಕ. ಟರ್ಬೊ ಸಿ ಬಳಸಿದವರಿಗೆ ಅದರ ಒಂದು ಗುಣ ನೆನಪಿರಬಹುದು. ಕಂಟ್ರೋಲ್ ಮತ್ತು ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತದೆ. ಫಲಿತಾಂಶ ಕಣ್ಣು ಮಿಟುಕಿಸುವಷ್ಟರಲ್ಲಿ ಮಿಂಚಿ, ಮತ್ತೆ ನೀಲಿ ಪರದೆಯೇ ಬಂದು ನಿಲ್ಲುತ್ತದೆ. ಫಲಿತಾಂಶವನ್ನು ನೋಡಬೇಕಾದರೆ ಆಲ್ಟ್ ಮತ್ತು ಎಫ್5 ಒತ್ತಬೇಕು, ಇಲ್ಲವೇ ಪ್ರೋಗ್ರಾಂನ ಕೊನೆಯಲ್ಲಿ ಪರದೆಯನ್ನು ತಡೆದು ನಿಲ್ಲಿಸುವ ಒಂದು ಸಾಲನ್ನು ಬರೆದಿರಬೇಕು. ಪುಸ್ತಕದಿಂದ ಕಲಿತವರಿಗೆ ಇದು ತಿಳಿಯುವುದಿಲ್ಲ, ಕೈಯಿಂದ ಕಲಿತವರಿಗೆ ಮೊದಲ ದಿನವೇ ತಿಳಿಯುತ್ತದೆ. ಆ ಹುಡುಗಿ ಕಾಗದದ ಮೇಲೆ ಪ್ರೋಗ್ರಾಂ ಬರೆದಳು, ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡಿದಳು, ಓಡಿಸಿದಳು. ಪರದೆ ಮಿಂಚಿತು, ಹಿಂದಕ್ಕೆ ಬಂತು. ಮತ್ತೆ ಓಡಿಸಿದಳು. ಆ ಸಾಲನ್ನು ಅವಳು ಬರೆದಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಟೆಂಡರಿಗೆ ಅಲ್ಲಿಂದಲೇ ಎಲ್ಲವೂ ಅರ್ಥವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಆದರೆ ಮೆಮೋ ಪಡೆದ ಮನುಷ್ಯ ಅಲ್ಲಿಂದ ಕದಲಲಿಲ್ಲ. ಪರೀಕ್ಷೆಯಲ್ಲಿ ಕದಲುವಂತೆಯೂ ಇರಲಿಲ್ಲವೆನ್ನಿ.

ಸಮಯ ಮುಗಿದಾಗ ‘ಔಟ್‌ಪುಟ್ ಬರಲಿಲ್ಲ ಸಾರ್’ ಎಂದಳು. ಪ್ರೋಗ್ರಾಂ ಓಡಿಸಿದ್ದಕ್ಕೆ ಇದ್ದ ಅಂಕಗಳ ಜಾಗದಲ್ಲಿ ಸೊನ್ನೆ ಬರೆದೆವು. ಅವಳು ಹೋದ ಮೇಲೆ ಅಭ್ಯಾಸಬಲದಿಂದ ನಾನು ಆಲ್ಟ್-ಎಫ್5 ಒತ್ತಿದೆ. ಪರದೆಯ ಮೇಲೆ ಉತ್ತರ ಇತ್ತು. ಎಷ್ಟು ಸಲ ಓಡಿಸಿದ್ದಳೋ ಅಷ್ಟು ಸಲವೂ, ಒಂದರ ಕೆಳಗೊಂದು, ಸರಿಯಾದ ಉತ್ತರ. ಬಾಹ್ಯ ಪರೀಕ್ಷಕರು ಬಂದು ನೋಡಿ, ‘ವಿದ್ಯಾರ್ಥಿ ತೋರಿಸಬೇಕಲ್ಲವೇ? ಅವಳು ತೋರಿಸಲಿಲ್ಲ’ ಎಂದರು. ನಿಯಮದ ಪ್ರಕಾರ ಅವರ ಮಾತು ಸರಿ. ನಾನು ಒಪ್ಪಿ ಸಹಿ ಹಾಕಿದೆ. ಅಂಕಪಟ್ಟಿಯ ಲಕೋಟೆಗೆ ಅರಗು ಹಾಕಿದವರು ಅದೇ ಅಟೆಂಡರ್. ಅವಳು ಪಾಸಾದಳು, ದ್ವಿತೀಯ ದರ್ಜೆಯಲ್ಲಿ. ಎಂ.ಸಿ.ಎ.ಗೆ ಅರ್ಜಿ ಹಾಕುವ ಆಸೆ ಇಟ್ಟುಕೊಂಡಿದ್ದಳೆಂದು ಅವಳ ಗೆಳತಿಯರಿಂದ ಕೇಳಿದ್ದೆ.

ಕಂಪ್ಯೂಟರ್ ದುಬಾರಿಯಾಗಿದ್ದುದರಿಂದ ಬೇರೆ ದಾರಿಯಿರಲಿಲ್ಲ ಎಂದು ಬಹುಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಈ ಸಮಾಧಾನಕ್ಕೆ ಚರಿತ್ರೆಯ ಬೆಂಬಲವಿಲ್ಲ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಅಧ್ಯಾಪಕರು 1964ರಲ್ಲಿ ಬೇಸಿಕ್ ಭಾಷೆಯನ್ನೂ, ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನೂ ರೂಪಿಸಿದರು. ಕಂಪ್ಯೂಟರ್ ಎಂದರೆ ಇಡೀ ಕೊಠಡಿಯನ್ನು ತುಂಬುವ, ಅಪಾರ ಬೆಲೆಯ ಯಂತ್ರವಾಗಿದ್ದ ಕಾಲ ಅದು. ಆದರೂ ಅವರು ಮಾದರಿಯಾಗಿ ಇಟ್ಟುಕೊಂಡದ್ದು ಗ್ರಂಥಾಲಯವನ್ನು: ವಿದ್ಯಾರ್ಥಿ ಯಾವ ವಿಭಾಗದವನೇ ಆಗಿರಲಿ, ಏಕೆಂದು ಯಾರೂ ಕೇಳದೆ, ಬಂದು ಬಳಸಬೇಕು. ನಾವು ಮಾದರಿಯಾಗಿ ಇಟ್ಟುಕೊಂಡದ್ದು ಖಜಾನೆಯನ್ನು.

ಹೆಚ್ಚು ಸಮಯ ಬೇಕೆಂಬ ಹಸಿವು ಎಲ್ಲೆಡೆಯೂ ಒಂದೇ. ಎಂಐಟಿಯಲ್ಲಿ 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆ ಮಾತ್ರ ಕಂಪ್ಯೂಟರ್ ಸಿಗುತ್ತಿತ್ತು. ಆತ ಎಲ್ಲ ಬಳಕೆದಾರರ ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಂಡು, ಇತರರ ಪಾಲಿನ ಸಮಯದಲ್ಲಿ ಕೆಲಸ ಮಾಡಿ, ಕಾಲು ಶತಮಾನದ ನಂತರ ಅದನ್ನು ಬಹಿರಂಗವಾಗಿ ಒಪ್ಪಿಕೊಂಡ. ಆ ಪ್ರಸಂಗವನ್ನು ಇಂದು ಕಂಪ್ಯೂಟರ್ ಚರಿತ್ರೆಯ ಸ್ವಾರಸ್ಯವೆಂದು ಓದುತ್ತೇವೆ. ನಮ್ಮ ಹುಡುಗಿ ಕದ್ದಿದ್ದೇನೂ ಇಲ್ಲ. ಖಾಲಿ ಬಿದ್ದಿದ್ದ ಯಂತ್ರದ ಮುಂದೆ, ಸಹಿ ಮಾಡಿ, ಕುಳಿತಿದ್ದಳು.

ಇವೆಲ್ಲ ಹಳೆಯ ಕಥೆ, ಈಗ ಎಲ್ಲರ ಜೇಬಿನಲ್ಲೂ ಕಂಪ್ಯೂಟರ್ ಇದೆ ಎಂದು ಓದುಗರು ಹೇಳಬಹುದು. ಜೇಬಿನಲ್ಲಿ ಇರುವುದು ಮೊಬೈಲ್. 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ ಕೂಡ ಹಂಚಲಾಯಿತು. ನಿವೃತ್ತನಾದ ಮೇಲೆ ಆಗಾಗ ಕಾಲೇಜುಗಳಿಗೆ ಉಪನ್ಯಾಸಕ್ಕೆಂದು ಹೋಗುವ ನನಗೆ ಕಾಣುತ್ತಿರುವುದು ಬೇರೆಯೇ ತೊಡಕು. ಕ್ಷಣಾರ್ಧದಲ್ಲಿ ವಿಡಿಯೊ ಸಂಕಲನ ಮಾಡಬಲ್ಲ ಹುಡುಗನಿಗೆ ತಾನು ಇಳಿಸಿಕೊಂಡ ಕಡತ ಯಂತ್ರದಲ್ಲಿ ಎಲ್ಲಿ ಕುಳಿತಿದೆ ಎಂದು ಗೊತ್ತಿರುವುದಿಲ್ಲ. ಫೋಲ್ಡರ್ ಎಂಬ ಕಲ್ಪನೆಯನ್ನೇ ಮೊಬೈಲ್ ಅವನಿಂದ ಮರೆಮಾಡಿದೆ. ಎರಡು ಹೆಬ್ಬೆರಳುಗಳಲ್ಲಿ ಮಿಂಚಿನಂತೆ ಟೈಪು ಮಾಡುವವಳು ಪೂರ್ಣ ಕೀಲಿಮಣೆಯ ಮುಂದೆ ತೋರುಬೆರಳಿನಿಂದ ಅಕ್ಷರ ಹುಡುಕುತ್ತಾಳೆ. ಆದರೆ ಉದ್ಯೋಗದ ಪರೀಕ್ಷೆಗಳಲ್ಲಿ ಹಲವು ಇಂದು ನಡೆಯುವುದು ಕಂಪ್ಯೂಟರಿನ ಮುಂದೆಯೇ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ನಮ್ಮ ಬೆಂಗಳೂರಿನ ಮಕ್ಕಳಿಗೆ ಕಾಲೇಜಿನ ಪ್ರಯೋಗಾಲಯ ಒಂದು ಔಪಚಾರಿಕತೆ. ಉಳಿದವರಿಗೆ ಇಂದಿಗೂ ಅದೊಂದೇ ಬಾಗಿಲು.

ಯಂತ್ರ ಕೆಟ್ಟರೆ ಉಸ್ತುವಾರಿಯ ಜೇಬಿನಿಂದ ವಸೂಲಿ ಎಂಬ ಭಯ ಇರುವವರೆಗೆ ಯಾವ ಉಪನ್ಯಾಸಕನೂ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುವುದಿಲ್ಲ. ಸವೆತವನ್ನು ವಾರ್ಷಿಕ ವೆಚ್ಚವೆಂದು ಲೆಕ್ಕಕ್ಕೆ ಬರೆದುಕೊಳ್ಳಬೇಕು. ಗ್ರಂಥಾಲಯದ ಪುಸ್ತಕ ಹರಿಯುವುದು ಅದನ್ನು ಓದಿದ್ದರ ಲಕ್ಷಣವೆಂದು ನಾವು ಒಪ್ಪಿಲ್ಲವೇ? ಸಹಾಯಕನ ಹುದ್ದೆ ಕಸ ಗುಡಿಸುವ, ಸಹಿ ಮಾಡಿಸುವ ಹುದ್ದೆಯಾಗಿ ಉಳಿಯಬಾರದು. ಕಲಿಸುವ ಮನಸ್ಸಿರುವವರಿಗೆ ತರಬೇತಿ ಮತ್ತು ಖಾಯಮಾತಿ ದೊರೆತರೆ, ವಿದ್ಯಾರ್ಥಿ ಮೊದಲು ಹೋಗುವುದು ಅವರ ಬಳಿಗೇ. ಇನ್ನು ಇಬ್ಬರು ಕುಳಿತುಕೊಳ್ಳುವುದು ಅನಿವಾರ್ಯವಾದರೆ ಅರ್ಧ ಗಂಟೆಗೊಮ್ಮೆ ಸ್ಥಳ ಬದಲಿಸುವಂತೆ ಹೇಳಲು ಸರ್ಕಾರದ ಸುತ್ತೋಲೆ ಬೇಕಾಗಿಲ್ಲ. ನನಗೇ ಇದು ಹೊಳೆಯಲು ವರ್ಷಗಳು ಹಿಡಿದವು.

ಇತ್ತೀಚೆಗೆ ಒಂದು ಕಾಲೇಜಿನಲ್ಲಿ ನನ್ನ ಮಾತು ಮುಗಿದ ಮೇಲೆ ಹೊಸ ಪ್ರಯೋಗಾಲಯವನ್ನು ತೋರಿಸುತ್ತೇವೆಂದು ಕರೆದೊಯ್ದರು. ಬಾಗಿಲ ಪಕ್ಕದಲ್ಲಿ ಫಲಕ, ಈಗ ಫ್ಲೆಕ್ಸಿನಲ್ಲಿ ಮುದ್ರಿಸಿದ್ದು. ಚಪ್ಪಲಿಗಳನ್ನು ಹೊರಗೆ ಬಿಡತಕ್ಕದ್ದು ಎಂಬಲ್ಲಿಂದಲೇ ಆರಂಭ. ಫ್ಲಾಪಿಯ ಜಾಗದಲ್ಲಿ ಪೆನ್‌ಡ್ರೈವ್ ಎಂದಿತ್ತು. ಸಂಜೆ ನಾಲ್ಕರ ನಂತರ ವಿದ್ಯಾರ್ಥಿಗಳು ಬರಬಹುದೇ ಎಂದು ಕೇಳಿದೆ. ಜೊತೆಗಿದ್ದ ಯುವ ಉಪನ್ಯಾಸಕಿ ಸಂಕೋಚದಿಂದ ನಕ್ಕು, ‘ಕೇಳ್ತಾರೆ ಸಾರ್. ಆದ್ರೆ ಕೀ ಆಫೀಸಲ್ಲಿರುತ್ತೆ’ ಎಂದರು. ಅಷ್ಟರಲ್ಲಿ ಒಬ್ಬ ಅಟೆಂಡರ್ ಕೀಲಿಗೊಂಚಲು ಹಿಡಿದು ಬಂದರು. ನಾವು ಚಪ್ಪಲಿ ಕಳಚಿ ಒಳಗೆ ಹೋದೆವು.